ಮೊದಲೆಣ್ಣೆ

ಮನೆಯಿಂದ,
ಹನ್ನೊಂದನೇ ತಾರೀಕು, ಬುಧವಾರ,
ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಚುಕ್ಕಿಗೆ,

ಅಪ್ಪನ ನೂರು ಆಶೀರ್ವಾದ. ನೆಗಡಿ ಬಿಟ್ಟಿತೇನಮ್ಮಾ? ಲ್ಯಾಬಿನಲ್ಲಿ ದಿನವಿಡೀ ನಿಂತೇ ಇರಬೇಕು, ಸಂಜೆಯ ಹೊತ್ತಿಗೆ ಪಾದ ಬಾತುಕೊಳ್ಳುತ್ತದೆ ಎಂದು ಹೋದ ತಿಂಗಳು ಬರೆದಿದ್ದೆ. ಮಲಗುವಾಗ ಕಾಲ ಕೆಳಗೆ ಒಂದು ದಿಂಬು ಇಟ್ಟುಕೋ. ಹೊಸ ರೂಮಿನಲ್ಲಿ ನಲ್ಲಿ ನೀರು ಸರಿಯಾಗಿ ಬರುತ್ತದೆಯೇ? ಊಟ ಮಾತ್ರ ತಪ್ಪಿಸಬೇಡ. ನಾನು ಚೆನ್ನಾಗಿದ್ದೇನೆ. ಅಲ್ಲಾಡುತ್ತಿದ್ದ ಹಲ್ಲು ತಾನೇ ಬಿದ್ದುಹೋಗಿ, ಡಾಕ್ಟರಿಗೆ ಕೊಡಬೇಕಿದ್ದ ಒಂದು ದಿನ ನನಗೇ ಉಳಿಯಿತು. ಆ ದಿನವನ್ನು ಕಣ್ಣಿನ ಡಾಕ್ಟರಿಗೆ ಕೊಟ್ಟೆ. ಅವರು ಬೋರ್ಡಿನ ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಓದಿಸಿ, "ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ ಸಾರ್" ಎಂದರು. ಹೊಗಳಿಕೆ ಕೇಳಿ ತಲೆ ತಗ್ಗಿಸುವ ಹಾಗಾಯಿತು. ಏಕೆ ಎಂದು ಮುಂದೆ ಹೇಳುತ್ತೇನೆ. ಹೇಳಲೇಬೇಕು, ಅದಕ್ಕೇ ಕೂತಿದ್ದೇನೆ.

ಭಾನುವಾರ ನೀನು ಫೋನ್ ಮಾಡಿದಾಗಲೇ ಹೇಳುವವನಿದ್ದೆ. ಬಾಯಿ ತೆರೆದೆ, "ಇಲ್ಲಿ ಬಿಸಿಲು ಜೋರು" ಎಂದೆ. ನೀನು "ಹೂಂ" ಎಂದೆ. ಇನ್ನೊಂದು ಸಲ ಧೈರ್ಯ ಮಾಡಿದೆ, ಮತ್ತೆ ಬಿಸಿಲೇ ಬಂತು. ಮೂರನೇ ಸಲ ನೀನೇ, "ಅಪ್ಪಾ, ಬಿಸಿಲಿನ ವಿಷಯ ಆಯ್ತು, ಬೇರೆ ಏನಾದ್ರೂ ಇದೆಯಾ?" ಎಂದು ಕೇಳಿದೆ. "ಏನೂ ಇಲ್ಲವಲ್ಲ" ಎಂದು ಫೋನಿಟ್ಟೆ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನಿಗೆ ಬಾಯಿಗಿಂತ ಕಾಗದವೇ ವಾಸಿ. ಕಾಗದದ ಮೇಲಾದರೆ ಹೊಡೆದುಹಾಕಿ ಮತ್ತೆ ಬರೆಯಬಹುದು. ಇದು ಮೂರನೇ ಹಾಳೆ. ಮೊದಲಿನ ಎರಡರಲ್ಲಿ ಬಿಸಿಲಿನ ವರ್ಣನೆ ಮಾತ್ರ ಇತ್ತು.

ನಿನ್ನ ಕಾಗದ ಹೋದ ಮಂಗಳವಾರ ಬಂತು. ಎರಡು ವರ್ಷದಿಂದ ಏನು ಕೇಳಿದರೂ, "ಏನೋ ಒಂದು ಮಾಡ್ತಿದೀನಪ್ಪಾ, ಆದ ಮೇಲೆ ಹೇಳ್ತೀನಿ, ನಿಮಗೇ ಮೊದಲು" ಎನ್ನುತ್ತಿದ್ದೆಯಲ್ಲ, ಆ ಗುಟ್ಟು ಕೊನೆಗೆ ಬಿಟ್ಟುಕೊಟ್ಟಿದ್ದೆ. ಗಡ್ಡ ಹೆರೆಯುವ ಮೊದಲು, ಸೋಪಿನ ನೊರೆಗೂ ಮುಂಚೆ, ಒದ್ದೆ ಮುಖಕ್ಕೆ ಹಚ್ಚುವ ಕ್ರೀಮು. ಅದನ್ನು ನಿನ್ನ ಕೈಯಾರೆ ಕಲಸಿ, ಬೆರೆಸಿ, ನಲವತ್ತೊಂದು ಸಲ ಚೆಲ್ಲಿ, ನಲವತ್ತೆರಡನೆಯದನ್ನು ಡಬ್ಬಿಗೆ ತುಂಬಿಸಿದೆ. ಕಂಪನಿಯ ಹೆಸರು ಹಾಕದೆ, ಡಬ್ಬಿಯ ತಳದಲ್ಲಿ ಪೋಸ್ಟ್ ಬಾಕ್ಸ್ ನಂಬರು ಮಾತ್ರ ಹಾಕಿ, ಪರೀಕ್ಷೆಗೆಂದು ನಾಲ್ಕಾರು ಊರಿನ ಅಂಗಡಿಗಳಿಗೆ ಕಳಿಸಿದಿರಿ. ಹಚ್ಚಿ ನೋಡಿದವರು ಕಾಗದ ಬರೆದರು. ಮೂವತ್ತು ಜನ ಚೆನ್ನಾಗಿದೆ ಎಂದರು. ಒಬ್ಬ ಮಾತ್ರ ಮುಖ ಕುಯ್ದುಹೋಯಿತು, ರಕ್ತ ಸೋರಿತು ಎಂದು ಬರೆದ. ಆ ಒಂದು ಕಾಗದವನ್ನು ನಿಮ್ಮ ಮ್ಯಾನೇಜರು ಮೇಜಿನ ಸುತ್ತ ಕೂತವರಿಗೆಲ್ಲ ಓದಿ ಹೇಳಿದ್ದು, ಎಲ್ಲರೂ ನಕ್ಕದ್ದು, ನಕ್ಕ ಮೇಲೆ ರಕ್ತ ಎಂಬ ಮಾತಿಗೆ ಹೆದರಿ ಕೆಲಸ ನಿಲ್ಲಿಸಿದ್ದು, ಎಲ್ಲ ಅದರಲ್ಲಿತ್ತು. ಇಪ್ಪತ್ತನೇ ತಾರೀಕಿನ ಮೀಟಿಂಗಿನಲ್ಲಿ ಕ್ರೀಮು ಉಳಿಯುತ್ತದೋ ಹೋಗುತ್ತದೋ ತೀರ್ಮಾನ. "ಒಂದು ಕಾಗದಕ್ಕೆ ಇಷ್ಟು ಭಾರ ಇರುತ್ತೆ ಅಂತ ಗೊತ್ತಿರಲಿಲ್ಲ ಅಪ್ಪಾ" ಎಂದು ಬರೆದಿದ್ದೀಯೆ.

ಚುಕ್ಕೀ, ಆ ಕಾಗದ ಬರೆದವನು ನಾನು.

ಬರೆದೆ ನೋಡು. ಈಗ ಎದ್ದು ಒಂದು ಲೋಟ ನೀರು ಕುಡಿದು ಬಂದೆ.

ಹೇಗಾಯಿತು ಎಂದು ಕೇಳು. ಎರಡು ತಿಂಗಳ ಹಿಂದೆ ಬ್ಲೇಡು ತರಲು ನಮ್ಮ ಬೀದಿ ತಿರುವಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಒಂದು ಚಪ್ಪಟೆ ಡಬ್ಬಿ ಮುಂದಿಟ್ಟು, "ಹೊಸ ಮಾಲು ಸಾರ್. ಹಚ್ಚಿ ನೋಡಿ, ಹೇಗಿದೆ ಅಂತ ಅವರಿಗೇ ಬರೀಬೇಕಂತೆ. ನನ್ನ ಗಿರಾಕಿಗಳಲ್ಲಿ ಬರೆಯೋಕೆ ಬರೋರು ನೀವೊಬ್ರೇ" ಎಂದ. ಅಷ್ಟು ಸಾಕಾಯಿತು ನಿನ್ನ ಅಪ್ಪನಿಗೆ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಪಿ, ಆರ್, ಇ, ಆಮೇಲೆ ಶೇವ್ ಕ್ರೀಮ್. ನೋಡಿದ ಕೂಡಲೇ ನಕ್ಕೆ. ಅಯ್ಯೋ ಪಾಪ, ಅಚ್ಚಿನ ತಪ್ಪು! 'ಫ್ರೀ' ಎಂದು ಹಾಕುವ ಕಡೆ ಎಫ್ ಬದಲು ಪಿ ಕೂರಿಸಿ, ಒಂದು 'ಇ' ನುಂಗಿದ್ದಾರೆ. ಅಚ್ಚುಮೊಳೆ ಜೋಡಿಸುವವರು ಇಂಥ ನೂರು ತಪ್ಪು ಮಾಡುವುದನ್ನು ಕಂಡವನು ನಾನು. ಮನೆಗೆ ಬಂದವನೇ ಕೆಂಪು ಪೆನ್ಸಿಲು ತೆಗೆದು ಡಬ್ಬಿಯ ಮುಚ್ಚಳದ ಮೇಲೇ ಪಿ ಹೊಡೆದು ಎಫ್ ಬರೆದೆ, ಕೊನೆಗೆ ಇನ್ನೊಂದು 'ಇ' ಸೇರಿಸಿದೆ. ಫ್ರೀ ಶೇವ್ ಕ್ರೀಮ್. ಫ್ರೀ ಎಂದರೆ ಬಿಡುಗಡೆ. ಯಾವುದರಿಂದ ಬಿಡುಗಡೆ? ಸೋಪಿನಿಂದ, ಬ್ರಷ್ಷಿನಿಂದ, ನೊರೆ ಎಬ್ಬಿಸುವ ರಗಳೆಯಿಂದ. ಹಚ್ಚು, ಹೆರೆ, ಮುಗಿಯಿತು. ಎಷ್ಟು ಚೆನ್ನಾಗಿ ಅರ್ಥ ಕೂಡಿತು ಎಂದರೆ, ಡಬ್ಬಿಯ ಜೊತೆ ಇದ್ದ ಚೀಟಿಯನ್ನು ಬಿಡಿಸಿಯೂ ನೋಡದೆ ಅದರಲ್ಲೇ ರೇಜರು ಒರೆಸಿ ಬಿಸಾಡಿದೆ.

ನೊರೆ ಇಲ್ಲದ ಬರಿ ಕ್ರೀಮಿನ ಮೇಲೆ, ನನ್ನ ಹಳೆಯ ಉಕ್ಕಿನ ರೇಜರಿಗೆ ಹೊಸ ಬ್ಲೇಡು ಹಾಕಿ, ಯಾವಾಗಲೂ ಒತ್ತುವ ಹಾಗೆ ಒತ್ತಿ ಎಳೆದೆ. ಎಡಗೆನ್ನೆ, ಕಿವಿಯ ಪಕ್ಕ, ಗದ್ದದ ಕೆಳಗೆ. ಮೂರು ಕಡೆ. ಪಟಿಕದ ಹರಳು ಉಜ್ಜಿದರೂ ಗದ್ದದ್ದು ನಿಲ್ಲಲಿಲ್ಲ. ಪೇಪರಿನ ಚೂರು ಅಂಟಿಸಿಕೊಂಡು ಎರಡು ದಿನ ಮಫ್ಲರು ಸುತ್ತಿಕೊಂಡು ಓಡಾಡಿದೆ. ಮಫ್ಲರು ಸರಿದಾಗ ಅಂಗಡಿಯವನು, "ಏನ್ ಸಾರ್, ಬೆಕ್ಕಾ?" ಎಂದ. "ಹೂಂ, ಬೆಕ್ಕು" ಎಂದೆ. ನಿನಗೂ ಹೇಳಲಿಲ್ಲ, ಗಾಬರಿ ಬೀಳುತ್ತೀಯೆಂದು. ಆದರೆ ಕಂಪನಿಗೆ ಹೇಳದೆ ಬಿಡುವುದುಂಟೇ? ಎಷ್ಟೋ ವರ್ಷದ ಮೇಲೆ ಇಂಗ್ಲಿಷಿನಲ್ಲಿ ಬರೆಯುವ ಅವಕಾಶ ಬೇರೆ. "ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಅನ್‌ಡ್ಯೂ ಬ್ಲಡ್, ಐ ಬೆಗ್ ಟು ಸ್ಟೇಟ್" ಎಂದು ಶುರು ಮಾಡಿದೆ. ಸಲ್ಲಬೇಕಾದ ಗೌರವದ ಪಕ್ಕದಲ್ಲೇ ಸಲ್ಲಬಾರದ ರಕ್ತ! ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಗದ್ದದ ಕೆಳಗಿನದು ಗಾಯವಲ್ಲ, ಸಬ್-ಹೆಡ್ಡಿಂಗ್ ಎಂದೆ. ಕ್ರೀಮಿಗೆ ಯಾರದೋ ಅಡುಗೆಮನೆಯ ವಾಸನೆ ಇದೆ ಎಂದೆ. ಮೊದಲು ನಿಮ್ಮ ಡಬ್ಬಿಯ ಸ್ಪೆಲ್ಲಿಂಗ್ ಸರಿಮಾಡಿ, ಆಮೇಲೆ ಜನರ ಮುಖಕ್ಕೆ ಕೈಹಾಕಿ ಎಂದು ಬುದ್ಧಿವಾದವನ್ನೂ ಹೇಳಿದೆ. ಕೊನೆಗೆ ಹೆಸರು ಹಾಕಲಿಲ್ಲ. "ಯುವರ್ಸ್ ಬ್ಲೀಡಿಂಗ್‌ಲಿ, ಎ ಕಸ್ಟಮರ್" ಎಂದು ಸಹಿ ಮಾಡಿದೆ. ಅಂಚೆಡಬ್ಬಕ್ಕೆ ಹಾಕಿ ಬರುವಾಗ ನಡಿಗೆಯೇ ಬೇರೆಯಾಗಿತ್ತು.

ನೀನು ಆ ಕಾಗದವನ್ನು ಕಣ್ಣಾರೆ ನೋಡಿಲ್ಲ, ಮ್ಯಾನೇಜರು ಓದಿದ್ದನ್ನು ಕಿವಿಯಿಂದ ಕೇಳಿದ್ದೀಯೆ ಅಷ್ಟೇ ಎಂಬುದೊಂದೇ ಒಂದು ವಾರದಿಂದ ನನ್ನ ಜೀವ ಹಿಡಿದಿರುವ ಸಂಗತಿ. ನೋಡಿದ್ದರೆ ಅಕ್ಷರ ಗುರುತು ಸಿಕ್ಕಿಬಿಡುತ್ತಿತ್ತು. ನನ್ನ ಕೈಬರಹ ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಹಾಸ್ಟೆಲಿನಿಂದ ನೀನು ಬರೆದ ಕಾಗದಗಳನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ತಿದ್ದಿ ನಿನಗೇ ವಾಪಸು ಕಳಿಸುತ್ತಿದ್ದೆನಲ್ಲ. ಒಂದು ಸಲ ಮೂರು ದಿನದಿಂದ ಜ್ವರ ಎಂದು ಬರೆದಿದ್ದೆ. ಅವಸರದಲ್ಲಿ 'ಜರ' ಎಂದಾಗಿತ್ತು. ನಾನು ವಕಾರದ ಒತ್ತು ಹಾಕಿ ಸುತ್ತ ಗೀಟೆಳೆದು ಕೂತಿದ್ದಾಗ ನಿನ್ನಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿ, "ಮಗು ಜ್ವರ ಅಂತ ಬರ್ದಿದೆ ಕಣ್ರೀ. ನೀವು ಒತ್ತು ಬಿಟ್ಟಿದಾಳೆ ಅಂತೀರಲ್ಲ, ಮನುಷ್ಯರಾ ನೀವು?" ಎಂದು ಪೆನ್ಸಿಲು ಕಿತ್ತುಕೊಂಡಳು. ಮಾರನೆಯ ದಿನ ಬಸ್ಸು ಹತ್ತಿ ನಿನ್ನ ಹತ್ತಿರ ಬಂದವಳು ಅವಳೇ. ನಾನು ಬರಲಿಲ್ಲ. ಪುಸ್ತಕವೊಂದು ಅಚ್ಚಿಗೆ ಹೋಗುವುದಿತ್ತು. ಆಮೇಲೆ ಒಂದು ವರ್ಷ ನೀನು ಕಾಗದ ಬರೆಯುವುದನ್ನೇ ನಿಲ್ಲಿಸಿದ್ದೆ, ನೆನಪಿದೆಯೇ? ನನಗಿದೆ.

ಈಗ ಮಂಗಳವಾರದ ವಿಷಯಕ್ಕೆ ಬರುತ್ತೇನೆ. ನಿನ್ನ ಕಾಗದ ಓದಿ ಡಬ್ಬಿ ಹುಡುಕಿದೆ. ಎಲ್ಲಿತ್ತು ಗೊತ್ತೇ? ಈ ಮೇಜಿನ ಡ್ರಾಯರು ಬಿಗಿಯಾಗಿತ್ತೆಂದು ಅದರ ಅಂಚಿಗೆ ಹಚ್ಚುತ್ತಿದ್ದೆ, ಇಲ್ಲೇ ಇತ್ತು. ನಿನ್ನ ಎರಡು ವರ್ಷದ ಕೆಲಸವನ್ನು ಮರಕ್ಕೆ ಸವರಿದ್ದೇನೆ. ಡ್ರಾಯರು ಬೆಣ್ಣೆಯ ಹಾಗೆ ಸರಿಯುತ್ತದೆ. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮುಚ್ಚಳದ ಮೇಲೆ ನನ್ನ ಕೆಂಪು ತಿದ್ದುಪಡಿ. ಪಿ, ಆರ್, ಇ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು ಒಂದು ವಾರ ಪೂರ್ತಿ ಪ್ರಿಫಿಕ್ಸುಗಳ ಪಾಠ ಮಾಡಿದ್ದರು. ಪ್ರಿಫಿಕ್ಸ್ ಎಂದರೆ ಮಾತಿನ ಬಾಗಿಲಲ್ಲಿ ನಿಂತ ಕಾವಲುಗಾರ, ಅವನನ್ನು ಕೇಳದೆ ಒಳಗೆ ನುಗ್ಗಬೇಡಿ ಎನ್ನುತ್ತಿದ್ದರು. ಅನ್, ಡಿಸ್, ಮಿಸ್, ಎಲ್ಲ ನೆನಪಿದೆ. ಪ್ರೀ ಬಂದ ದಿನ ನಾನು ತರಗತಿಗೆ ಹೋಗಿರಲಿಲ್ಲವೋ, ಹೋಗಿ ನಿದ್ದೆ ಮಾಡಿದ್ದೆನೋ. ನಿಘಂಟು ತೆಗೆದೆ. ಪ್ರೀ: ಮೊದಲು, ಮುಂಚೆ. ಅದರಿಂದ ಸ್ವಲ್ಪ ಮುಂದೆ ಪ್ರಿಜುಡಿಸ್. ಕೇಳುವ ಮೊದಲೇ ಕೊಟ್ಟ ತೀರ್ಪು. ನಿಘಂಟು ಬರೆದವನು ನನ್ನ ಮನೆಗೆ ಬಂದು ಹೋದವನಿರಬೇಕು.

ಮೊದಲು ಎಂಬ ಮಾತು ಓದಿದಾಗ ಕೈ ನಿಂತಿತು ಮಗಳೇ. ನಿನ್ನಮ್ಮ ಬೆಳಿಗ್ಗೆ ಬಿಸಿನೀರಿನ ಮಗ್ಗು ತಂದಿಡುವಾಗ ಒಂದು ಸಣ್ಣ ಬಟ್ಟಲಲ್ಲಿ ಹರಳೆಣ್ಣೆಗೆ ಒಂದು ಲವಂಗ ಹಾಕಿ ಬೆಚ್ಚಗೆ ಮಾಡಿ ತರುತ್ತಿದ್ದಳಲ್ಲ. ಎರಡು ಬೆರಳಲ್ಲಿ ಅದ್ದಿ ನನ್ನ ಕೆನ್ನೆಗೆ ಒತ್ತಿ, "ಮೊದಲೆಣ್ಣೆ ಹಚ್ಚದೆ ಕತ್ತಿ ಮುಟ್ಟಬೇಡಿ. ಮುಖಕ್ಕೂ ನಿಮಗೂ ಏನ್ರೀ ಜಗಳ?" ಎನ್ನುತ್ತಿದ್ದಳು. ಮೊದಲೆಣ್ಣೆ. ಅವಳೇ ಮಾಡಿಕೊಂಡ ಮಾತು, ಯಾವ ನಿಘಂಟಿನಲ್ಲೂ ಇಲ್ಲ. ಅವಳು ಹೋದ ಮೇಲೆ ನಾಲ್ಕು ವರ್ಷ ನಾನು ಒಣಗೆನ್ನೆಗೆ ಸೋಪು ತಿಕ್ಕಿ ಕೆರೆದುಕೊಂಡು, ವಯಸ್ಸಾಯಿತು ಚರ್ಮ ಒರಟಾಯಿತು ಎಂದುಕೊಂಡಿದ್ದೆ. ನೀನು ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ್ದೀಯೆ, ಎಣ್ಣೆಯನ್ನೂ ಅದು ಇಲ್ಲದ್ದನ್ನೂ. ಡಬ್ಬಿ ತೆಗೆದು ಮೂಸಿದೆ. ಅಡುಗೆಮನೆಯ ವಾಸನೆ ಎಂದು ಬರೆದಿದ್ದೆನಲ್ಲ, ಹೌದು, ಅಡುಗೆಮನೆಯದೇ. ನಮ್ಮದು.

ನಿನ್ನ ಕಾಗದದಲ್ಲಿದ್ದ ಹಾಗೆಯೇ ಮಾಡಿದೆ. ಮುಖಕ್ಕೆ ಬಿಸಿನೀರು ತೋರಿಸಿ, ಒರೆಸಿಕೊಳ್ಳದೆ, ಹುಣಸೆಬೀಜದಷ್ಟು ಕ್ರೀಮು ಬೆರಳಿಗೆ ತೆಗೆದು, ಕೂದಲಿನ ಬುಡಕ್ಕೆ ಹೋಗುವ ಹಾಗೆ ಸುತ್ತಿ ಸುತ್ತಿ ಹಚ್ಚಿದೆ. ಒಂದು ನಿಮಿಷ ಸುಮ್ಮನೆ ನಿಂತೆ. ತೊಳೆಯದೆ ಅದರ ಮೇಲೇ ಬ್ರಷ್ಷಿನಿಂದ ನೊರೆ ಎಬ್ಬಿಸಿದೆ. ರೇಜರನ್ನು ಒತ್ತದೆ, ಅದರ ಭಾರಕ್ಕೇ ಬಿಟ್ಟು ಕೂದಲು ಬಾಗಿದ ಕಡೆಗೆ ಇಳಿಸಿದೆ. ಸದ್ದೇ ಆಗಲಿಲ್ಲ. ಕೆನ್ನೆ ಮುಟ್ಟಿ ನೋಡಿಕೊಂಡರೆ ನನ್ನದಲ್ಲದ ಹಾಗಿತ್ತು. ಒಂದು ಹನಿ ರಕ್ತವಿಲ್ಲ. ಬಚ್ಚಲಿನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಬಕೆಟ್ಟು ತುಂಬಿ ಹರಿದು ಕಾಲು ಒದ್ದೆಯಾದ ಮೇಲೆಯೇ ನಲ್ಲಿ ನಿಲ್ಲಿಸಬೇಕೆಂದು ಹೊಳೆದದ್ದು.

ಅವತ್ತಿನಿಂದ ಗಡ್ಡ ಮುಟ್ಟಿಲ್ಲ. ಕನ್ನಡಿಯಲ್ಲಿ ಆ ಮುಖ ನೋಡಲು ನನಗೇ ನಾಚಿಕೆ. ಅಂಗಡಿಯವನು, "ಏನ್ ಸಾರ್, ಬೆಕ್ಕಿನ ಭಯಕ್ಕಾ?" ಎನ್ನುತ್ತಾನೆ. ಒಂದು ಸಲಕ್ಕಾಗುವಷ್ಟು ಕ್ರೀಮು ಮಾತ್ರ ಡಬ್ಬಿಯಲ್ಲಿದೆ.

ಇದರ ಜೊತೆ ನಿಮ್ಮ ಮ್ಯಾನೇಜರಿಗೆ ಬರೆದ ಇನ್ನೊಂದು ಕಾಗದ ಇಟ್ಟಿದ್ದೇನೆ. ತಪ್ಪು ಕ್ರೀಮಿನದಲ್ಲ, ಚೀಟಿ ಓದದೆ ನೊರೆಯಿಲ್ಲದೆ ಹೆರೆದುಕೊಂಡ ನನ್ನದು, ಸ್ಪೆಲ್ಲಿಂಗು ಸರಿಯಾಗಿಯೇ ಇತ್ತು ಎಂದು ಬರೆದಿದ್ದೇನೆ. ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ. ಹೆಸರಿಲ್ಲದೆ ಕಳಿಸಿದರೆ, ಬೈದವನೂ ಅನಾಮಧೇಯ, ಹೊಗಳಿದವನೂ ಅನಾಮಧೇಯ, ಯಾರು ನಂಬುತ್ತಾರೆ? ಹೆಸರು ಹಾಕಿದರೆ ನಿನ್ನ ಅಪ್ಪ ಎಂದು ತಿಳಿಯುತ್ತದೆ. ಮಗಳ ಕೆಲಸ ಉಳಿಸಲು ಅಪ್ಪ ಮಾತು ತಿರುಗಿಸಿದ ಎನ್ನಬಹುದು. ಇಲ್ಲವೇ, ಮನೆಯವರಿಗೇ ತಿಳಿಸಿ ಹೇಳಲಾಗದವಳು ಊರಿಗೆ ಏನು ತಿಳಿಸುತ್ತಾಳೆ ಎಂದು ನಿನ್ನನ್ನೇ ಆಡಿಕೊಂಡು ನಗಬಹುದು. ಆ ಮೇಜಿನ ಮುಂದೆ ಕೂರುವವಳು ನೀನು. ಆದ್ದರಿಂದ ನೀನೇ ನೋಡು. ಕೊಡಬೇಕೆನ್ನಿಸಿದರೆ ಕೊಡು, ಬೇಡವೆನಿಸಿದರೆ ಹರಿದುಹಾಕು. ತೀರ್ಮಾನವನ್ನು ನಿನ್ನ ತಲೆಗೆ ಕಟ್ಟಿ ನಾನು ಹಗುರಾಗುತ್ತಿದ್ದೇನೆ ಎಂದು ನನಗೂ ಗೊತ್ತು. ಬೇರೆ ದಾರಿ ತೋಚಲಿಲ್ಲ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ, ಗುರುತು ಕಾಣುತ್ತಿರಬಹುದು. ಅಷ್ಟು ಸುಲಭವಾಗಿ ಕೇಳುವಂಥದ್ದಲ್ಲ ಎನ್ನಿಸಿತು. ಕಾಲಿಗೆ ದಿಂಬು ಮರೆಯಬೇಡ. ನಿನ್ನ ರೂಮಿನ ಗೆಳತಿಗೆ ನನ್ನ ನೆನಪು ತಿಳಿಸು. ಇಪ್ಪತ್ತನೇ ತಾರೀಕು ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗು. ಎಲ್ಲಿದ್ದರೂ ನಿನ್ನಮ್ಮನ ಎರಡು ಬೆರಳು ನಿನ್ನ ಕೆನ್ನೆಯ ಮೇಲಿರಲಿ.

ನಿನ್ನ ತಪ್ಪಿತಸ್ಥ
ಅಪ್ಪ

ಮತ್ತೊಂದು ಮಾತು, ಅವಸರದಲ್ಲಿ. ಮೂರೂ ಮುಕ್ಕಾಲು ಗಂಟೆ. ನಾಲ್ಕೂವರೆಗೆ ಅಂಚೆಡಬ್ಬ ತೆಗೆಯುತ್ತಾರೆ.

ಲಕೋಟೆಯ ಮೇಲೆ ಬರೆಯಲು ನಿನ್ನ ಹೊಸ ರೂಮಿನ ನಂಬರು ಬೇಕಾಯಿತು. ಅದು ನಿನ್ನ ಕಾಗದದ ಅಂಟಿನ ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು, ಹೋದ ವಾರ ಅವಸರದಲ್ಲಿ ಬಿಡಿಸಿರಲಿಲ್ಲ. ಈಗ ಬ್ಲೇಡಿನ ತುದಿಯಿಂದ ಮೆಲ್ಲಗೆ ಎಬ್ಬಿಸಿದೆ. ನಂಬರಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: "ಗದದ ಕೆಳಗಿನ ಗಾಯ ಮಾಗಿತಾ ಅಪ್ಪಾ?"

ಆ ಗಾಯದ ವಿಷಯ ನಿನಗೆ ನಾನು ಹೇಳಿಯೇ ಇಲ್ಲ. ಅಂಗಡಿಯವನಿಗೆ ಬೆಕ್ಕು ಎಂದಿದ್ದೆ. ಬರೆದದ್ದು ಕಂಪನಿಗೆ ಮಾತ್ರ.

ಅಂದರೆ ಗೊತ್ತಿತ್ತು ನಿನಗೆ, ಅಕ್ಷರ ನೋಡದೆಯೂ ಮಾತಿನ ಧಾಟಿಯಿಂದಲೇ. ಎಲ್ಲರೂ ನಗುವಾಗಲೂ ಗೊತ್ತಿತ್ತು. "ಅದು ನಮ್ಮಪ್ಪ, ಚೀಟಿ ಓದಿರಲ್ಲ ಬಿಡಿ" ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನೀನು ಅನ್ನಲಿಲ್ಲ. ನನ್ನ ಮಾನ ಕಾಯುತ್ತ ನಿನ್ನ ಕ್ರೀಮು ಬಿಟ್ಟುಕೊಡಲು ಹೊರಟಿದ್ದೀಯೆ. ಬೇರೆ ಏನಾದ್ರೂ ಇದೆಯಾ ಎಂದು ಫೋನಿನಲ್ಲಿ ಕೇಳಿದ್ದೂ ಇದಕ್ಕೇ. ನಾನು ಬಿಸಿಲು ಎಂದೆ.

ಅದಕ್ಕೆ, ಜೊತೆಗಿಟ್ಟಿದ್ದೇನೆ ಎಂದ ಆ ಕಾಗದ ಈ ಲಕೋಟೆಯಲ್ಲಿ ಇರುವುದಿಲ್ಲ, ಹುಡುಕಬೇಡ. ಹೊರಗೆ ತೆಗೆದೆ. ನನ್ನ ಪೂರ್ತಿ ಹೆಸರು ಹಾಕಿ, ಕೆಳಗೆ ನಿನ್ನ ಹೆಸರನ್ನೂ ಬರೆದು ಇವಳ ತಂದೆ ಎಂದು ಸೇರಿಸಿ, ಬೇರೆ ಲಕೋಟೆಯಲ್ಲಿ ನೇರ ಮ್ಯಾನೇಜರಿಗೇ ಹಾಕುತ್ತಿದ್ದೇನೆ. ನಿನ್ನನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತೀಯೆ. ನಂಬದಿದ್ದರೆ ಇಪ್ಪತ್ತನೇ ತಾರೀಕು ನನ್ನನ್ನೇ ಕರೆಸಿ ಎಂದೂ ಸೇರಿಸಿದ್ದೇನೆ.

ನಿನ್ನ ಸಾಲಿನಲ್ಲಿ ಗದ್ದಕ್ಕೆ ಒತ್ತು ಬಿಟ್ಟುಹೋಗಿದೆ. ಕೆಂಪು ಪೆನ್ಸಿಲು ಕೈಗೆಟಕುವ ಹಾಗೇ ಇತ್ತು. ಮುಟ್ಟಲಿಲ್ಲ.

ಗಾಯ ಮಾಗಿದೆ ಮಗಳೇ. ಎಂಟು ದಿನದ ಗಡ್ಡವನ್ನು ಹಾಗೇ ಬೆಳೆಸಿಕೊಂಡಿರುತ್ತೇನೆ, ಡಬ್ಬಿಯನ್ನೂ ರೇಜರನ್ನೂ ಚೀಲದಲ್ಲಿಟ್ಟಾಯಿತು. ಕರೆಸಿದರೆ ಬಂದು, ಆ ಮೇಜಿನ ಸುತ್ತ ನಕ್ಕವರೆಲ್ಲರ ಮುಂದೆ ಕೂತು ಮಾಡಿ ತೋರಿಸುತ್ತೇನೆ: ಮೊದಲು ನಿನ್ನದು, ಸೋಪು ಆಮೇಲೆ.